ಊಟದ ಚೀಲದ ತೂಕ

ಹಾಲೆಂಡಿಗೆ ಬಂದ ಮೇಲೆ ನಾನು ಅಗರಬತ್ತಿಯನ್ನು ಬಾಳೆಹಣ್ಣಿಗೆ ಚುಚ್ಚುತ್ತಿದ್ದೆ. ಮೈಸೂರಿನಿಂದ ತಂದಿದ್ದ ಸ್ಟ್ಯಾಂಡು ವಿಮಾನದ ಪೆಟ್ಟಿಗೆಯೊಳಗೇ ಮುರಿದುಹೋಗಿತ್ತು. ರೈಸ್‌ವೈಕಿನ ನಮ್ಮ ಮನೆಯಲ್ಲಿ ದೇವರಮನೆ ಅಂತ ಬೇರೆ ಇರಲಿಲ್ಲ. ಅಡುಗೆಮನೆಯ ಗೋಡೆ ಬೀರುವಿನ ಒಂದು ಅರೆಯೇ ದೇವರಮನೆ. ಚಾಮುಂಡಿಯ ಪಟ, ಗಣಪತಿ, ಒಂದು ದೀಪ, ಇಷ್ಟೇ. ಹೊಗೆ ಜಾಸ್ತಿಯಾದರೆ ಮೇಲಿನ ಎಚ್ಚರಿಕೆ ಯಂತ್ರ ಕಿರುಚುತ್ತಿತ್ತು, ಹಾಗಾಗಿ ಒಂದೇ ಕಡ್ಡಿ, ಅದೂ ಕಿಟಕಿ ತೆಗೆದು. ಅಷ್ಟಾದರೂ ಆಗುತ್ತಿತ್ತಲ್ಲ, ಅದಕ್ಕೇ ನಾನು ದೇವರಿಗೆ ಕೈಮುಗಿಯುತ್ತಿದ್ದೆ.

ಒಂದು ಬೆಳಗ್ಗೆ ಬಟ್ಟೆ ಮೆಷಿನ್ನಿಗೆ ಹಾಕುವ ಮೊದಲು ಇವರ ಪ್ಯಾಂಟಿನ ಜೇಬು ತಡಕಿದಾಗ ಒಂದು ಹಿತ್ತಾಳೆ ಸಾಮಾನು ಸಿಕ್ಕಿತು. ಕಿರುಬೆರಳಿನ ತುದಿಗೆ ಟೋಪಿ ಹಾಕುವಷ್ಟು ಚಿಕ್ಕದು. ಒಂದು ಕಡೆ ಬಾಯಿ, ಇನ್ನೊಂದು ಕಡೆ ಮುಚ್ಚಿದ ತಳ, ತಳದ ನಡುವೆ ಯಾರೋ ಮೊಳೆಯಿಂದ ಕುಟ್ಟಿದಂಥ ಗುರುತು. ಯಾವುದೋ ಯಂತ್ರದ್ದಿರಬೇಕು ಅಂದುಕೊಂಡೆ. ಹುಣಸೆಹಣ್ಣು ಹಾಕಿ ತಿಕ್ಕಿದಾಗ ಚಿನ್ನದ ಹಾಗೆ ಹೊಳೆಯಿತು. ಒಳಗೆ ಅಕ್ಕಿಕಾಳು ತುಂಬಿ ಅಗರಬತ್ತಿ ಸಿಕ್ಕಿಸಿದೆ. ನೆಟ್ಟಗೆ ನಿಂತಿತು. ಪರದೇಶದಲ್ಲಿ ನನ್ನ ಪೂಜೆಗೂ ಒಂದು ಸಾಮಾನು ಒದಗಿಸಿದೆಯಲ್ಲಪ್ಪಾ ಎಂದು ದೇವರಿಗೆ ಹೇಳಿದೆ.

ಆದರೆ ಆ ಸಾಮಾನು ಜೇಬಿಗೆ ಬಂದದ್ದು ಹೇಗೆ ಎಂಬ ಪ್ರಶ್ನೆ ಮನಸ್ಸಿನಲ್ಲಿ ಉಳಿದಿತ್ತು. ಆಗ ನನಗೆ ಇವರ ಮೇಲೆ ಗುಮಾನಿ ಶುರುವಾಗಿ ತಿಂಗಳುಗಳೇ ಆಗಿದ್ದವು.

ಇವರಿಗೆ ಜೈಡಾಸ್ ಎಂಬ ಕಚೇರಿಗಳ ಬಡಾವಣೆಯಲ್ಲಿ ಒಂದು ಬ್ಯಾಂಕಿನ ಕಂಪ್ಯೂಟರ್ ಕೆಲಸ, ದಿನಾ ಟ್ರೈನಿನಲ್ಲಿ ಹೋಗಿಬರಬೇಕು. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳು ತಾರೀಖು ತಪ್ಪುತ್ತವೆ ಎಂದು ಜಗತ್ತೆಲ್ಲ ಹೆದರಿದ್ದ ಕಾಲ ಅದು. ಆ ಹೆದರಿಕೆಯೇ ನಮಗೆ ಅನ್ನ ಹಾಕುತ್ತಿತ್ತು. ಇವರು ದಿನಾ ತಡವಾಗಿ ಬರುತ್ತಿದ್ದರು, ಗುರುವಾರ ಇನ್ನೂ ತಡ. ಗುರುವಾರ ಸ್ಪೋರ್ಟ್ಸ್ ಕ್ಲಬ್ಬಿಗೆ ಸೇರಿದ್ದೀನಿ ಅಂದಿದ್ದರು. ಬ್ಯಾಡ್ಮಿಂಟನ್ ಇರಬೇಕು ಅಂದುಕೊಂಡಿದ್ದೆ. ಆದರೆ ಬಟ್ಟೆ ಒಗೆಯುವವಳು ನಾನು. ಆಡಿ ಬಂದವರ ಅಂಗಿಯಲ್ಲಿ ಬೆವರಿರಬೇಕಲ್ಲವೇ? ಇವರ ಅಂಗಿಯಲ್ಲಿ ಬೆವರಿನ ಸುಳಿವೇ ಇರಲಿಲ್ಲ. ಬದಲಿಗೆ ದೀಪಾವಳಿಯ ಮಾರನೆಯ ಬೆಳಗ್ಗೆ ಬೀದಿಯಲ್ಲಿ ಬರುತ್ತದಲ್ಲ, ಆ ವಾಸನೆ.

ಇದರ ಜೊತೆಗೆ ಕೈಗಡಿಯಾರ. ಮದುವೆಯಲ್ಲಿ ನಮ್ಮಪ್ಪ ಅಳಿಯನ ಕೈಗೆ ತಾವೇ ಕಟ್ಟಿದ್ದ ಗಡಿಯಾರ ಹಿಂದಿನ ವರ್ಷದ ಚಳಿಗಾಲದಿಂದ ಇವರ ಕೈಮೇಲಿರಲಿಲ್ಲ. ಕೇಳಿದರೆ ರಿಪೇರಿಗೆ ಕೊಟ್ಟಿದೀನಿ ಅನ್ನುತ್ತಿದ್ದರು. ಮತ್ತೆ ಕೇಳಿದರೆ, ಪಾರ್ಟ್ ಸಿಗ್ತಿಲ್ಲವಂತೆ. ವರ್ಷಗಟ್ಟಲೆ ಆಗುವ ರಿಪೇರಿ ಯಾವುದು? ಕ್ಲಬ್ಬು ಅನ್ನುವುದನ್ನೂ ಗಡಿಯಾರ ಹೋಗಿರುವುದನ್ನೂ ಕೂಡಿಸಿ ನೋಡಿದಾಗ ನನಗೆ ಹೊಳೆದದ್ದು ಇಸ್ಪೀಟು. ನಾನು ಮುಖಕ್ಕೆ ಹೇಳಿಬಿಡುವ ಹೆಂಗಸೇ, ಆದರೆ ಅನುಮಾನ ಬಂದಾಗ ಮಾತ್ರ ಬಾಯಿ ಮುಚ್ಚಿಕೊಂಡು ನೋಡುತ್ತಿರುತ್ತೇನೆ.

ಆ ಶನಿವಾರ ಇವರು ಸ್ನಾನ ಮುಗಿಸಿ ದೇವರಿಗೆ ಕೈಮುಗಿಯಲು ಬಂದರು. ಜೋಡಿಸಿದ ಕೈಗಳು ಹಾಗೇ ಕೆಳಗಿಳಿದವು.

"ಇದೆಲ್ಲಿ ಸಿಕ್ತು ನಿಂಗೆ?"

"ನಿಮ್ಮ ಪ್ಯಾಂಟ್ ಜೇಬಲ್ಲಿ."

"ಏನಿದು ಅಂತ ಗೊತ್ತಾ?"

"ಅಗರಬತ್ತಿ ಸ್ಟ್ಯಾಂಡು," ಅಂದೆ.

ಇವರು ನಗಲಿಲ್ಲ. ಕಡ್ಡಿಯನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟು, ಅಕ್ಕಿಯನ್ನು ಅಂಗೈಗೆ ಸುರಿದುಕೊಂಡರು. "ಇದು ಖಾಲಿ ತೋಟಾ ಕಣೇ. ಗುಂಡು ಹಾರಿದ ಮೇಲೆ ಉಳಿಯೋದು."

"ಯಾರ ಮೇಲೆ ಹಾರಿಸಿದ್ದು?"

"ಪೇಪರ್ ಮೇಲೆ."

ಆಮೇಲೆ ಕೂತು ಎಲ್ಲ ಹೇಳಿದರು. ಇಸ್ಪೀಟಲ್ಲ, ಪಿಸ್ತೂಲು. ಕಾಗದದ ಗುರಿಗೆ ಗುಂಡು ಹೊಡೆಯುವ ಕ್ಲಬ್ಬು. ಸರ್ಕಾರದ ಕಾಯಿದೆಯೊಳಗೇ ನಡೆಯುವಂಥದ್ದು. ಒಂದು ವರ್ಷ ಕ್ಲಬ್ಬಿನ ಪಿಸ್ತೂಲಿನಲ್ಲೇ ಕಲಿತಾಯಿತು. ಇನ್ನು ಪೊಲೀಸರ ಪರವಾನಗಿ ಸಿಕ್ಕರೆ ಸ್ವಂತದ್ದೊಂದು ಇಟ್ಟುಕೊಳ್ಳಬಹುದು. ಸೆಮಿ ಆಟೋಮ್ಯಾಟಿಕ್ ಅಂದರೆ ಒಂದು ಸಲ ಒತ್ತಿದರೆ ಒಂದೇ ಗುಂಡು, ಮುಂದಿನದು ತಾನಾಗಿ ಬಂದು ಕೂರುತ್ತದೆ, ಖಾಲಿ ತೋಟಾ ಪಕ್ಕಕ್ಕೆ ಚಿಮ್ಮುತ್ತದೆ. ಹಾಗೆ ಚಿಮ್ಮಿದ್ದೇ ಒಂದು ಜೇಬಿಗೆ ಬಿದ್ದಿರಬೇಕು ಅಂದರು.

ಇವರು ಎಂಥವರೆಂದರೆ, ಬಚ್ಚಲಲ್ಲಿ ಜೇಡ ಕಂಡರೆ ಕಾಗದದ ಮೇಲೆ ಹತ್ತಿಸಿಕೊಂಡು ಬಾಲ್ಕನಿಗೆ ಬಿಟ್ಟು ಬರುವವರು. ಮಗಳನ್ನು ಒಂದು ದಿನವೂ ಗದರಿದವರಲ್ಲ. ಇಂಥವರಿಗೆ ಪಿಸ್ತೂಲು ಯಾಕೆ? ಕೇಳಿದೆ. ಮನಸ್ಸು ನಿಲ್ಲುತ್ತೆ, ಒಂಥರಾ ಧ್ಯಾನ ಇದ್ದ ಹಾಗೆ ಅಂದರು. ನಾನು ಚಾಮುಂಡಿಯ ಮುಂದಿನ ಅರೆಯನ್ನು ಅರಿಶಿನದ ನೀರಲ್ಲಿ ಒರೆಸುತ್ತಿದ್ದುದನ್ನು ನೋಡಿ, ಅವಳ ಕೈಲೂ ಆಯುಧ ಇದೆಯಲ್ಲೇ ಎಂದರು. ನಾನು ಒರೆಸುವುದನ್ನು ಮುಗಿಸಿ ಬಟ್ಟೆ ಹಿಂಡಿದೆ. ಗಡಿಯಾರದ ಮಾತು ಮಾತ್ರ ಇವರು ಎತ್ತಲೇ ಇಲ್ಲ. ಅಲ್ಲಿಗೆ ನನ್ನ ಗುಮಾನಿ ಒಂದು ಕಡೆ ಇಳಿದು ಇನ್ನೊಂದು ಕಡೆ ಏರಿತು.

ಮುಂದಿನ ಗುರುವಾರ ನಾನೂ ಬರುತ್ತೇನೆ ಎಂದೆ. ಇವರು ಒಂದು ಕ್ಷಣ ತಡೆದು, ಬಾ ಅಂದರು. ಆ ಒಂದು ಕ್ಷಣ ನನಗೆ ಸಾಕಾಗಿತ್ತು. ಮಗಳನ್ನು ಪಕ್ಕದ ಬ್ಲಾಕಿನ ಉಡುಪಿಯವರ ಮನೆಯಲ್ಲಿ ಬಿಟ್ಟು ಹೊರಟೆವು.

ಕ್ಲಬ್ಬು ಊರಾಚೆ, ಟೊಮೇಟೊ ಬೆಳೆಯುವ ಗಾಜಿನ ಮನೆಗಳ ಸಾಲಿನ ಕೊನೆಯಲ್ಲಿತ್ತು. ಅಷ್ಟು ಗಾಜಿನ ಪಕ್ಕದಲ್ಲಿ ಗುಂಡು ಹಾರಿಸುವ ಜಾಗ ಕಟ್ಟಿದವನ ಧೈರ್ಯ ದೊಡ್ಡದು. ಕಿಟಕಿಯೇ ಇಲ್ಲದ ತಗ್ಗು ಕಟ್ಟಡ. ಒಳಗೆ ಹೋದರೆ ನಾನು ಅಂದುಕೊಂಡಂತೆ ಪುಂಡರ ಗುಂಪೇನೂ ಇರಲಿಲ್ಲ. ಮೇಜುಗಳ ಮೇಲೆ ಈ ಊರಿನವರ ಪದ್ಧತಿಯಂತೆ ಜಮಖಾನ ಹಾಸಿತ್ತು, ಕಾಫಿ ಕುದಿಯುತ್ತಿತ್ತು. ಬಿಳಿ ಕೂದಲಿನ ಒಬ್ಬ ಅಜ್ಜಿ ಉಲ್ಲನ್ ಹೆಣೆಯುತ್ತಾ ಕೂತಿದ್ದರು. ಹೊಸಬರಿಗೆ ಕಲಿಸುವವರು ಅವರೇ ಎಂದು ತಿಳಿದಾಗ ನನಗೆ ನಂಬಿಕೆಯಾಗಲಿಲ್ಲ. ನನ್ನ ಕೈಗೆ ಕಾಫಿ ಕೊಟ್ಟು ಬಿಸ್ಕತ್ತಿನ ಡಬ್ಬ ಮುಂದೆ ಹಿಡಿದರು. ಮೊಟ್ಟೆ ಇದೆಯೇ ಎಂದು ಕೇಳಿದೆ. ಡಬ್ಬ ತಿರುಗಿಸಿ ಕನ್ನಡಕ ಏರಿಸಿ ಓದಿ, ಇದೆ ಅಂದರು. ಸುಳ್ಳು ಹೇಳದವರು ಎಂದು ಅಲ್ಲೇ ಗುರುತು ಹಾಕಿಕೊಂಡೆ.

ದಪ್ಪ ಗಾಜಿನ ಈಚೆಗೆ ನಿಂತು, ಕಿವಿಗೆ ಮುಚ್ಚಳ ಹಾಕಿಕೊಂಡು ನೋಡಿದೆ. ಅಲ್ಲಿನ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಗುಂಡು ಹೊಡೆದು ಮುಗಿಸಿದವರು ಪಿಸ್ತೂಲನ್ನು ಸುಮ್ಮನೆ ಕೆಳಗಿಡುವಂತಿಲ್ಲ. ಅದರ ಹೊಟ್ಟೆ ತೆರೆದು, ಖಾಲಿ ಇದೆ ಎಂದು ಪಕ್ಕದವರಿಗೆ ತೋರಿಸಬೇಕು. ಪಕ್ಕದವರು ಬಗ್ಗಿ ನೋಡಿ ತಲೆಯಾಡಿಸಬೇಕು. ಎಷ್ಟು ವರ್ಷದ ಗೆಳೆಯರಾದರೂ, ಒಬ್ಬರ ಮಾತನ್ನು ಇನ್ನೊಬ್ಬರು ನಂಬುವುದಿಲ್ಲ. ಅದರಿಂದ ಯಾರಿಗೂ ಬೇಜಾರೂ ಇಲ್ಲ. ಸಂಸಾರದಲ್ಲಿ ಇಂಥದ್ದೊಂದು ಇದ್ದಿದ್ದರೆ ಎಂದು ನನಗೆ ಆಗಲೇ ಅನ್ನಿಸಿತ್ತು.

ಅಂದು ಇವರು ತಮ್ಮ ಮೊದಲ ಪಿಸ್ತೂಲನ್ನು ಆರಿಸಿಕೊಳ್ಳುವ ದಿನ. ಅಂಗಡಿಗೆ ಹೋಗುವ ಮೊದಲು ಹಳೆಯ ಸದಸ್ಯರು ತಮ್ಮತಮ್ಮದನ್ನು ತಂದು ಹೊಸಬನ ಕೈಗೆ ಕೊಟ್ಟು ನೋಡುವುದು ಅಲ್ಲಿನ ರೂಢಿ. ಜಮಖಾನದ ಮೇಲೆ ಮೂರು ಇಟ್ಟಿದ್ದರು, ಮೂರೂ ಹೊಟ್ಟೆ ತೆರೆದುಕೊಂಡು. ಒಂದು ಉದ್ದ ಮೂತಿಯದು, ಸಣ್ಣ ಗುಂಡಿನದು. ಇನ್ನೊಂದು ಉಕ್ಕಿನದು, ದಪ್ಪ ಗುಂಡಿನದು, ಭಾರ. ಮೂರನೆಯದು ಗಿಡ್ಡ, ಅಂಗೈಯಲ್ಲೇ ಅಡಗುವಂಥದ್ದು.

ಅಜ್ಜಿ ನಿಧಾನವಾದ ಇಂಗ್ಲಿಷಿನಲ್ಲಿ ನನಗೂ ಸೇರಿಸಿಯೇ ಹೇಳಿದರು. ಮೊದಲು ಕೈ ನೋಡಬೇಕಂತೆ. ಹಿಡಿ ಅಂಗೈ ತುಂಬಬೇಕು, ಬೆರಳಿನ ತುದಿ ಚಾಚದೆಯೇ ಪಿಸ್ತೂಲಿನ ಕುದುರೆಗೆ, ಅಂದರೆ ಒತ್ತಿದರೆ ಗುಂಡು ಹಾರುವ ಆ ಕೊಂಡಿಗೆ, ಮುಟ್ಟಬೇಕು, ಮೂತಿ ಮೊಳಕೈಯ ನೇರಕ್ಕೆ ನಿಲ್ಲಬೇಕು. ದಪ್ಪ ಗುಂಡು ಕೈಯನ್ನು ಎತ್ತಿ ಎಸೆಯುತ್ತದೆ. ಕಲಿಯುವವನು ಆ ಏಟಿಗೆ ಹೆದರಿ ಮುಂಚೆಯೇ ಕಣ್ಣು ಮುಚ್ಚುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಾನೆ, ಆಮೇಲೆ ಅದು ಬಿಡುವುದಿಲ್ಲ. ಸಣ್ಣ ಗುಂಡಿಗೆ ಆ ತೊಂದರೆ ಇಲ್ಲ. ಇನ್ನು ಗಿಡ್ಡ ಪಿಸ್ತೂಲಿನಲ್ಲಿ ಗುರಿ ನೋಡುವ ಹಿಂದಿನ ಗುರುತು, ಮುಂದಿನ ಗುರುತು ಎರಡೂ ಹತ್ತಿರ ಹತ್ತಿರ. ಕೈ ಕೂದಲೆಳೆಯಷ್ಟು ಅಲುಗಿದರೂ ಅಲ್ಲಿ ಗೇಣು ತಪ್ಪುತ್ತದೆ. ಇದು ನನಗೆ ಥಟ್ಟನೆ ಅರ್ಥವಾಯಿತು. ರಂಗೋಲಿಯಲ್ಲಿ ಪಕ್ಕಪಕ್ಕದ ಎರಡು ಚುಕ್ಕಿ ನೋಡಿಕೊಂಡು ಗೆರೆ ಉದ್ದಕ್ಕೆ ಎಳೆದರೆ ಸೊಟ್ಟಗಾಗುತ್ತದೆ. ದೂರದ ಚುಕ್ಕಿ ನೋಡಿಕೊಂಡು ಎಳೆದರೆ ನೆಟ್ಟಗೆ ಬರುತ್ತದೆ.

ಇವರು ಮೂರನ್ನೂ ಹೊಡೆದು ನೋಡಿದರು. ಉದ್ದದ್ದರಲ್ಲಿ ತೂತುಗಳು ಒಂದು ಚಿಟಿಕೆ ಸಾಸಿವೆ ಇಟ್ಟ ಹಾಗೆ ಒಟ್ಟಿಗೆ ಬಿದ್ದವು. ಗಿಡ್ಡದ್ದರಲ್ಲಿ ಅದೇ ಸಾಸಿವೆ ಒಗ್ಗರಣೆಯಲ್ಲಿ ಸಿಡಿದ ಹಾಗೆ ಚೆಲ್ಲಾಪಿಲ್ಲಿ. ಕಣ್ಣಿದ್ದವರಿಗೆ ಯಾವುದು ಬೇಕೆಂದು ಗೊತ್ತಾಗಬೇಕು. ಆದರೆ ಇವರು ಉದ್ದದ್ದನ್ನು ಕೆಳಗಿಟ್ಟು ಮತ್ತೆ ಗಿಡ್ಡದ್ದನ್ನೇ ತೆಗೆದುಕೊಂಡರು. ಇದು ಕೈಗೆ ಹಗುರ ಅಂದರು. ಮತ್ತೆ ಹೊಡೆದರು, ಮತ್ತೆ ಚೆಲ್ಲಾಪಿಲ್ಲಿ. ಅಭ್ಯಾಸವಾದರೆ ಸರಿಹೋಗುತ್ತೆ ಅಂದರು.

ಆಮೇಲೆ ಒಂದು ಕೆಲಸ ಮಾಡಿದರು. ಎಲ್ಲರೂ ಕಾಗದ ನೋಡುತ್ತಿದ್ದಾಗ ನಮಗೆ ಬೆನ್ನು ಮಾಡಿ, ಖಾಲಿ ಪಿಸ್ತೂಲನ್ನು ಸ್ವೆಟರಿನ ಕೆಳಗೆ ಸೊಂಟಕ್ಕೆ ಒತ್ತಿ ಹಿಡಿದು, ಮೇಲಿಂದ ಅಂಗೈ ಸವರಿ, ಉಬ್ಬು ಕಾಣುತ್ತದೆಯೇ ಎಂದು ನೋಡಿಕೊಂಡರು. ಬ್ಲೌಸಿನೊಳಗೆ ಪರ್ಸು ಇಟ್ಟುಕೊಂಡ ಮೇಲೆ ನಾವು ಸೆರಗು ಸರಿಮಾಡಿ ನೋಡಿಕೊಳ್ಳುವುದಿಲ್ಲವೇ, ಹಾಗೆ.

ಅಜ್ಜಿಯ ಹೆಣಿಗೆ ನಿಂತಿತು. ಡಚ್ಚಿನಲ್ಲಿ ಏನೋ ಅಂದರು, ಗಟ್ಟಿಯಾಗಿ ಅಲ್ಲ. ಇವರ ಕಿವಿ ಕೆಂಪಾಯಿತು. ಪಿಸ್ತೂಲು ಜಮಖಾನಕ್ಕೆ ವಾಪಸು ಬಂತು. ಏನಂದಿರಿ ಎಂದು ನಾನು ಕೇಳಿದಾಗ ಅಜ್ಜಿ ಇಂಗ್ಲಿಷಿನಲ್ಲಿ ಹೇಳಿದರು, "ಕಾಗದ ಎಲ್ಲಿಗೂ ಓಡಿಹೋಗಲ್ಲ. ಅದಕ್ಕೆ ಜೇಬಿನ ಪಿಸ್ತೂಲು ಬೇಡ, ಅಂದೆ." ಈ ದೇಶದಲ್ಲಿ ಪಿಸ್ತೂಲನ್ನು ಮೈಮೇಲೆ ಇಟ್ಟುಕೊಂಡು ಓಡಾಡುವ ಹಕ್ಕು ನಮ್ಮಂಥ ಯಾರಿಗೂ ಇಲ್ಲ ಎಂದೂ ಸೇರಿಸಿದರು. ಮನೆಯಿಂದ ಕ್ಲಬ್ಬಿಗೆ, ಕ್ಲಬ್ಬಿಂದ ಮನೆಗೆ, ಅದೂ ಪೆಟ್ಟಿಗೆಯೊಳಗೆ ಬೀಗ ಹಾಕಿ, ಗುಂಡು ಬೇರೆ ಇಟ್ಟು. ದಾರಿಯಲ್ಲಿ ಹಾಲಿಗೂ ನಿಲ್ಲುವಂತಿಲ್ಲ. ಚೀಲದಲ್ಲೋ ಸೊಂಟದಲ್ಲೋ ಸಿಕ್ಕಿಬಿದ್ದರೆ ಜೈಲು. ಪರದೇಶದವರಾದರೆ ಆಮೇಲೆ ಇಲ್ಲಿ ನೆಲೆಸಲು ಕೊಟ್ಟ ಪರ್ಮಿಟ್ಟೂ ಹೋಗಬಹುದು.

ವಾಪಸು ಬರುವ ಬಸ್ಸಿನಲ್ಲಿ ಹೆಚ್ಚು ಜನ ಇರಲಿಲ್ಲ. ನಾನು ಸುತ್ತಿಬಳಸಿ ಕೇಳುವವಳಲ್ಲ.

"ಆ ಗಿಡ್ಡದ್ದು ಯಾಕ್ರೀ ಬೇಕಿತ್ತು?"

ಇವರು ಗಡಿಯಾರವಿಲ್ಲದ ಮಣಿಕಟ್ಟನ್ನು ಸವರಿಕೊಂಡರು. ಆಮೇಲೆ ಅಂದರು, "ವಾಚ್ ರಿಪೇರಿಗೆ ಹೋಗಿಲ್ಲ ಕಣೇ."

"ಅದು ಗೊತ್ತು. ಎಲ್ಲಿ ಸೋತ್ರಿ?"

"ಸೋತಿಲ್ಲ. ಕಿತ್ಕೊಂಡ್ರು."

ಸ್ಟೇಷನ್ನಿನಿಂದ ಮನೆಗೆ ಬರುವ ದಾರಿಯಲ್ಲಿ ದೊಡ್ಡ ರಸ್ತೆಯ ಕೆಳಗೆ ನಡೆಯುವವರಿಗಾಗಿ ಒಂದು ಸುರಂಗ ಇತ್ತು. ಹಿಂದಿನ ವರ್ಷದ ಚಳಿಗಾಲದಲ್ಲಿ ಒಂದು ಸಂಜೆ ಅದರೊಳಗೆ ಇಬ್ಬರು ಇವರನ್ನು ತಡೆದು ಹೊಟ್ಟೆಗೆ ಚಾಕು ಇಟ್ಟರಂತೆ. ಇವರು ಹಣ ಕೊಟ್ಟರು. ಅವರು ಗಡಿಯಾರವನ್ನೂ ಕೇಳಿದರು. ಇವರ ಬೆರಳು ನಡುಗಿ ಕೊಂಡಿ ಬಿಚ್ಚಲು ಬರಲಿಲ್ಲ. ಅವರಲ್ಲೊಬ್ಬ ನಕ್ಕು, ಮಗುವಿನ ಕೈಯಿಂದ ಬಿಚ್ಚಿಕೊಂಡ ಹಾಗೆ ತಾನೇ ಬಿಚ್ಚಿಕೊಂಡನಂತೆ. ಚಾಕುವಿಗಿಂತ ಆ ನಗುವೇ ಇವರ ತಲೆಯಲ್ಲಿ ಕೂತುಬಿಟ್ಟಿತ್ತು. ನಮ್ಮಪ್ಪ ಕಟ್ಟಿದ್ದು ಎಂಬ ಕಾರಣಕ್ಕೆ ನನಗೆ ಹೇಳಲು ಮುಖ ಇರಲಿಲ್ಲವಂತೆ. ಅಂದಿನಿಂದ ದಿನಾ ಆ ಸುರಂಗ ದಾಟುವಾಗ ಯಾರ ಹೆಜ್ಜೆ ಸದ್ದಾದರೂ ಗೋಡೆಗೆ ಬೆನ್ನು ಒತ್ತಿ, ಅವರು ದಾಟಿಹೋಗುವ ತನಕ ನಿಲ್ಲುತ್ತೇನೆ ಎಂದರು. ಯಾರ ಮೇಲೂ ಹಾರಿಸಲ್ಲ, ಹತ್ತಿರ ಇದ್ದರೆ ಒಂದು ಧೈರ್ಯ, ಅಷ್ಟೇ.

ಅಪ್ಪನ ಗಡಿಯಾರ ಹೋಗಿದ್ದಕ್ಕೆ ನನಗೆ ಸಂಕಟವಾಗಲಿಲ್ಲ ಎಂದರೆ ಸುಳ್ಳು. ಆದರೆ ಹೊಟ್ಟೆಗಿಟ್ಟ ಚಾಕು ಒಳಗಿಳಿಯಲಿಲ್ಲವಲ್ಲ. ಆ ಚಳಿಗಾಲವೆಲ್ಲ ನಾನು ಏನೂ ತಿಳಿಯದೆ ದೇವರಿಗೆ ದೀಪ ಹಚ್ಚುತ್ತಿದ್ದೆ, ದೇವರು ತನ್ನ ಕೆಲಸ ಮಾಡಿಯಾಗಿತ್ತು. ಬಸ್ಸಿನಲ್ಲೇ ತಾಳಿಯನ್ನು ಕಣ್ಣಿಗೊತ್ತಿಕೊಂಡೆ.

ಆಮೇಲೆ ಕೇಳಿದೆ, "ಎಲ್ಲಿ ಇಟ್ಕೊಳ್ಳೋಣ ಅಂತಿದ್ರಿ? ಸೊಂಟದಲ್ಲಾ?"

"ಇಲ್ಲ. ಊಟದ ಚೀಲದಲ್ಲಿ."

ನಾನು ಹಳೆಯ ರೇಷ್ಮೆ ಸೀರೆಯ ಸೆರಗಿನಲ್ಲಿ ಹೊಲಿದುಕೊಟ್ಟ ಚೀಲ ಅದು. ದಿನಾ ಬೆಳಗ್ಗೆ ಅದರಲ್ಲಿ ಡಬ್ಬಿ ಇಟ್ಟು ಇವರ ಕೈಗೆ ಕೊಡುವವಳು ನಾನೇ.

"ಮೊಸರನ್ನದ ಕೆಳಗಾ?"

"ಪಕ್ಕದಲ್ಲಿ," ಅಂದರು ಪಾಪ, ನಿಜ ಹೇಳಿದ ಹಾಗೆ.

ನನಗೆ ಆಗ ಶನಿವಾರದ ಮಾತಿಗೆ ಉತ್ತರ ಹೊಳೆಯಿತು. "ಚಾಮುಂಡಿ ಕೈಲೂ ಆಯುಧ ಇದೆ ಅಂದ್ರಲ್ಲ. ಅವಳು ಕೈಯೆತ್ತಿ ಎಲ್ರಿಗೂ ಕಾಣೋ ಹಾಗೆ ಹಿಡ್ಕೊಂಡಿದಾಳೆ ಕಣ್ರೀ. ಮೊಸರನ್ನದ ಪಕ್ಕ ಬಚ್ಚಿಟ್ಕೊಂಡಿಲ್ಲ."

ಟ್ರೈನಿನಲ್ಲಿ ಯಾರಾದರೂ ಚೀಲ ತೆಗೆಸಿದರೆ ಏನಾಗುತ್ತೆ ಎಂದು ಕೇಳಿದೆ. ನೀವು ಜೈಲಿಗೆ, ನಾನೂ ಮಗಳೂ ವಿಮಾನಕ್ಕೆ. ಅವಳಿಗೆ ಕನ್ನಡದಲ್ಲಿ ಬೈದರೆ ಡಚ್ಚಿನಲ್ಲಿ ಉತ್ತರ ಬರುತ್ತದೆ, ಅವಳನ್ನು ಯಾವ ಶಾಲೆಗೆ ಸೇರಿಸಲಿ? ಅಥವಾ ಆ ಕಳ್ಳರೇ ಚೀಲ ಕಿತ್ತುಕೊಂಡರೆ? ಚಾಕು ಇದ್ದವರ ಕೈಗೆ ಪಿಸ್ತೂಲೂ ಕೊಟ್ಟ ಹಾಗಾಯಿತು.

"ಇಟ್ಕೊಳ್ಳಲ್ಲ, ಬಿಡು," ಅಂದರು.

ನಾನು ನಂಬಲಿಲ್ಲ. ರಿಪೇರಿಗೆ ಕೊಟ್ಟಿದೀನಿ ಅಂದದ್ದೂ ಇದೇ ಧ್ವನಿಯಲ್ಲಿ.

ಪಿಸ್ತೂಲೇ ಬೇಡ ಎಂದು ಯಾಕೆ ಹಟ ಹಿಡಿಯಲಿಲ್ಲ ಎಂದು ಆಮೇಲೆ ನನ್ನ ತಂಗಿ ಫೋನಿನಲ್ಲಿ ಕೇಳಿದ್ದುಂಟು. ಗಾಜಿನ ಈಚೆಯಿಂದ ಇವರ ಮುಖ ನೋಡಿದವಳು ನಾನು. ಆ ಕಾಗದದ ಮುಂದೆ ನಿಂತಾಗ ಇವರ ಹುಬ್ಬಿನ ಗಂಟು ಬಿಚ್ಚಿತ್ತು. ಅದನ್ನೂ ಕಿತ್ತುಕೊಂಡರೆ ಹೆದರಿಕೆ ಇನ್ನೊಂದು ದಾರಿ ಹುಡುಕುತ್ತದೆ, ನಾಳೆ ನನ್ನ ತರಕಾರಿ ಚಾಕುವೇ ಚೀಲ ಸೇರುತ್ತದೆ. ಹಾಗಾಗಿ ಎರಡು ಷರತ್ತು ಹಾಕಿದೆ. ಯಾವ ಪಿಸ್ತೂಲು ಎನ್ನುವುದನ್ನು ನಾನು ಹೇಳುತ್ತೇನೆ. ಮನೆಯಲ್ಲಿ ಪಿಸ್ತೂಲು ಇಡಲು ಕೂರಿಸಲೇಬೇಕಾದ ತಿಜೋರಿಯ ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಇವರು ಎರಡಕ್ಕೂ ಹೂಂ ಅಂದರು.

ಮುಂದಿನ ಗುರುವಾರ ಕ್ಲಬ್ಬಿಗೆ ಹೋಗುವಾಗ ಊಟದ ಚೀಲವನ್ನು ಮಡಿಸಿ ನನ್ನ ಬ್ಯಾಗಿನಲ್ಲಿಟ್ಟುಕೊಂಡೆ. ಜಮಖಾನದ ಮೇಲೆ ಅವೇ ಪಿಸ್ತೂಲುಗಳು, ಹೊಟ್ಟೆ ತೆರೆದುಕೊಂಡು. ಚೀಲ ಬಿಚ್ಚಿ ಮೇಜಿನ ಮೇಲಿಟ್ಟು, ಒಂದೊಂದನ್ನೂ ಇದರಲ್ಲಿ ಇಟ್ಟು ತೋರಿಸಿ ಎಂದು ಅಜ್ಜಿಯನ್ನು ಕೇಳಿದೆ. ಅವರು ನನ್ನ ಮುಖ ನೋಡಿದರು, ಇವರ ಮುಖ ನೋಡಿದರು, ಕೇಳದೆಯೇ ತಿಳಿದುಕೊಂಡರು. ಗಿಡ್ಡದ್ದು ಪೂರ್ತಿ ಮುಳುಗಿಹೋಯಿತು, ಮೇಲೆ ಡಬ್ಬಿಗೂ ಜಾಗ ಉಳಿಯಿತು. ಉಕ್ಕಿನದೂ ಹೇಗೋ ಹಿಡಿಸಿತು. ಉದ್ದದ್ದರ ಹಿಡಿ ಮಾತ್ರ ಹೇಗೆ ತಿರುಗಿಸಿಟ್ಟರೂ ಚೀಲದ ಬಾಯಿಂದ ಈಚೆಗೆ ನಿಂತಿತು, ಸಂತೆಯಿಂದ ತಂದ ಮೂಲಂಗಿ ಸೊಪ್ಪಿನ ಹಾಗೆ.

"ಇದೇ ಇರಲಿ," ಅಂದೆ.

ಅಜ್ಜಿ ಅಷ್ಟು ಜೋರಾಗಿ ನಕ್ಕಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲವಂತೆ. ನಾನು ಇಷ್ಟು ವರ್ಷ ಹೊಸಬರಿಗೆ ಕೈ ನೋಡಿ, ಕಣ್ಣು ನೋಡಿ ಪಿಸ್ತೂಲು ಆರಿಸಿಕೊಟ್ಟಿದ್ದೇನೆ, ನೀವು ಚೀಲ ನೋಡಿ ಆರಿಸಿದರೂ ಬಂದು ನಿಂತದ್ದು ಹೊಸಬರಿಗೆ ಒಳ್ಳೆಯದಾದ ಅದೇ ಪಿಸ್ತೂಲಿಗೇ ಎಂದರು. ಇವರೂ ನಕ್ಕರು, ಸ್ವಲ್ಪ ತಡವಾಗಿ.

ತಿಜೋರಿ ಬಂತು. ನಡುಮನೆಯ ಬೀರುವಿನೊಳಗೆ, ಕಸ ಎಳೆಯುವ ಮೆಷಿನ್ನಿನ ಪಕ್ಕ, ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದರು. ಬೀಗದ ಕೈ ನನ್ನ ಗೊಂಚಲು ಸೇರಿತು. ಮದುವೆಯಾಗಿ ಮನೆ ತುಂಬಿದ ದಿನ ಅತ್ತೆ ತಮ್ಮ ಸೊಂಟದ ಗೊಂಚಲನ್ನು ಬಿಚ್ಚಿ ನನ್ನ ಸೊಂಟಕ್ಕೆ ಸಿಕ್ಕಿಸಿದ್ದರು. ಅಂದಿನಿಂದ ಮನೆಯ ಎಲ್ಲ ಬೀಗದ ಕೈಗಳೂ ನನ್ನ ಹತ್ತಿರವೇ. ಇವರು ಬೀರುವಿನಿಂದ ಕೋಟು ಬೇಕಾದರೂ ನನ್ನನ್ನು ಕೂಗುವವರು. ಇದರಲ್ಲಿ ಕೇಳುವಂಥದ್ದೇನಿದೆ ಎಂದೇ ನಾವಿಬ್ಬರೂ ಅಂದುಕೊಂಡಿದ್ದೆವು.

ಪರವಾನಗಿ ಕೊಡುವ ಮೊದಲು ಮನೆ ನೋಡಲು ಒಬ್ಬ ಪೊಲೀಸ್ ಅಧಿಕಾರಿ ಬಂದರು. ಎತ್ತರದ ಮನುಷ್ಯ, ಬಾಗಿಲಲ್ಲಿ ತಾವಾಗಿಯೇ ಶೂ ಬಿಚ್ಚಿದರು. ತಿಜೋರಿ ಹಿಡಿದು ಅಲುಗಾಡಿಸಿ ನೋಡಿ, ಗುಂಡು ಇಡುವ ಬೇರೆ ಪೆಟ್ಟಿಗೆ ನೋಡಿ, ಚೆನ್ನಾಗಿದೆ ಅಂದರು. ಕಾಫಿ ಕೊಟ್ಟೆ. ತೆರೆದು ತೋರಿಸುತ್ತೀರಾ ಎಂದು ಇವರನ್ನು ಕೇಳಿದರು. ಇವರು ಅಭ್ಯಾಸದಂತೆ ನನ್ನ ಕಡೆ ತಿರುಗಿದರು. ನಾನು ಹೆಮ್ಮೆಯಿಂದ ಸೊಂಟದ ಗೊಂಚಲು ತೆಗೆದು, ಬೀಗದ ಕೈ ಆರಿಸಿ, ತಿಜೋರಿ ತೆರೆದೆ.

ಅಧಿಕಾರಿ ಕಪ್ಪನ್ನು ಕೆಳಗಿಟ್ಟರು.

ಮೆವ್ರೌ, ಅಂದರೆ ಮೇಡಂ, ಎಂದು ನನ್ನನ್ನು ಮರ್ಯಾದೆಯಿಂದಲೇ ಕರೆದು ಇಂಗ್ಲಿಷಿನಲ್ಲಿ ಹೇಳಿದರು. ಪರವಾನಗಿ ಯಾರ ಹೆಸರಲ್ಲಿದೆಯೋ ಅವರೊಬ್ಬರ ಹತ್ತಿರ ಮಾತ್ರ ಈ ಬೀಗದ ಕೈ ಇರಬೇಕು. ಹೆಂಡತಿಗೂ ಕೊಡುವಂತಿಲ್ಲ. ನೀವು ತೆರೆಯಬಲ್ಲಿರಿ ಎಂದಾದರೆ ನಾನು ಒಪ್ಪಿಗೆ ಬರೆಯಲಾಗುವುದಿಲ್ಲ. ಅಷ್ಟು ಹೇಳಿ ಪೆನ್ನಿನ ಮುಚ್ಚಳ ಹಾಕಿದರು.

ಇವರು ನನ್ನನ್ನೇ ನೋಡುತ್ತಿದ್ದರು. ಕೊಡಲ್ಲ ಎಂದು ನಾನು ಒಂದು ಮಾತು ಹೇಳಿದ್ದರೆ ಆ ದಿನ ಎಲ್ಲ ಮುಗಿಯುತ್ತಿತ್ತು. ಇವರು ಎದುರಾಡುತ್ತಿರಲಿಲ್ಲ, ಅದು ಆ ಮುಖದಲ್ಲೇ ಕಾಣುತ್ತಿತ್ತು. ಆದರೆ ಆ ಮುಖದಲ್ಲಿ ಇನ್ನೊಂದು ಕೂಡ ಇತ್ತು. ಗಡಿಯಾರ ಬಿಚ್ಚಲಾರದೆ ನಿಂತ ಸಂಜೆ ಇವರ ಮುಖ ಹೀಗೇ ಇದ್ದಿರಬೇಕು ಅನ್ನಿಸಿತು. ಇನ್ನೊಬ್ಬರು ಬಿಚ್ಚಿಕೊಳ್ಳುವುದನ್ನು ನೋಡುತ್ತಾ ನಿಂತವರ ಮುಖ.

ಗೊಂಚಲಿನ ಬಳೆ ಬಿಗಿಯಾಗಿತ್ತು. ಬಿಚ್ಚುವಾಗ ಉಗುರು ಮುರಿಯಿತು. ಬೀಗದ ಕೈಯನ್ನು ಇವರ ಅಂಗೈಗೆ ಹಾಕಿ ಕನ್ನಡದಲ್ಲಿ ಹೇಳಿದೆ, "ನಂಬಿ ಕೊಡ್ತಿಲ್ಲ. ಕಾನೂನು ಅಂತ ಕೊಡ್ತಿದೀನಿ."

ಏನಂದರು ಎಂದು ಅಧಿಕಾರಿ ಕೇಳಿದರು.

"ಜೋಪಾನ ಅಂತ ಹೇಳಿದ್ಲು," ಎಂದು ಇವರು ಇಂಗ್ಲಿಷಿನಲ್ಲಿ ತಿಳಿಸಿದರು. ಅಧಿಕಾರಿ ತಲೆಯಾಡಿಸಿ ಬರೆದುಕೊಂಡರು.

ಪಿಸ್ತೂಲು ಬಂತು, ತಿಜೋರಿ ಸೇರಿತು. ಮಾರನೆಯ ಬೆಳಗ್ಗೆಯಿಂದ ನನಗೊಂದು ಹೊಸ ಅಭ್ಯಾಸ ಹತ್ತಿತು. ಇವರು ಶೂ ಹಾಕಿಕೊಳ್ಳುವಾಗ ಊಟದ ಚೀಲ ಎತ್ತಿ ನೋಡುವುದು. ಉದ್ದದ್ದು ಇದರಲ್ಲಿ ಹಿಡಿಸುವುದಿಲ್ಲ, ನಾನೇ ಅಳತೆ ಮಾಡಿ ತಂದದ್ದು. ಆದರೂ ಕೈ ಕೇಳುತ್ತಿರಲಿಲ್ಲ. ಬೇರೆ ಯಾವುದಾದರೂ ಗಿಡ್ಡದ್ದು ಎಲ್ಲಿಂದಲಾದರೂ ಬಂದಿದ್ದರೆ? ಎರಡು ಡಬ್ಬಿ, ಒಂದು ಚಮಚ, ಒಂದು ಕಿತ್ತಳೆ. ಆ ತೂಕ ನನ್ನ ಮಣಿಕಟ್ಟಿಗೆ ಚೆನ್ನಾಗಿ ಗೊತ್ತು. ಇವರು ಮೊದಮೊದಲು ಕಂಡೂ ಕಾಣದ ಹಾಗಿದ್ದರು. ಒಂದು ದಿನ ಏನೂ ಹೇಳದೆ ಚೀಲದ ಬಾಯಿ ತೆರೆದು ನನ್ನ ಕಡೆ ಹಿಡಿದರು, ಕ್ಲಬ್ಬಿನಲ್ಲಿ ಖಾಲಿ ಪಿಸ್ತೂಲು ತೋರಿಸುವ ಹಾಗೆ. ನಾನು ಬಗ್ಗಿ ನೋಡಿ ತಲೆಯಾಡಿಸಿದೆ. ಆಮೇಲೆ ದಿನಾ ಇದೇ ಆಯಿತು. ಉಡುಪಿಯವರ ಮನೆಯಾಕೆ ಒಮ್ಮೆ ಬಾಗಿಲಲ್ಲಿ ಇದನ್ನು ಕಂಡು ಕೇಳಿದಳು, "ನಿಮ್ಮ ಯಜಮಾನ್ರು ದಿನಾ ಡಬ್ಬಿ ತೋರಿಸಿಯೇ ಹೋಗುವುದಾ? ನಮ್ಮವರು ತಿಂದದ್ದು ಏನೆಂದು ಸಂಜೆ ಕೇಳಿದರೂ ಹೇಳುವುದಿಲ್ಲ ಮಾರಾಯ್ತಿ." ನಾನು ನಕ್ಕು ಅವಳನ್ನು ಕಾಫಿಗೆ ಕರೆದೆ.

ಆಯುಧಪೂಜೆ ಬಂತು. ಈಳಿಗೆಮಣೆ, ಕತ್ತರಿ, ಕಸ ಎಳೆಯುವ ಮೆಷಿನ್ನು, ಎಲ್ಲಕ್ಕೂ ಕುಂಕುಮ ಇಟ್ಟೆ. ಪಿಸ್ತೂಲು ತೆಗೀಲಾ ಎಂದು ಇವರು ಕೇಳಿದರು. ಬೇಡ, ಒಳಗೇ ಇರಲಿ ಎಂದು ತಿಜೋರಿಯ ಬಾಗಿಲಿಗೇ ಕುಂಕುಮವಿಟ್ಟು ಹೂವೇರಿಸಿದೆ.

ದಿನ ಗಿಡ್ಡವಾಗುತ್ತಾ ಬಂತು. ಸಂಜೆ ಇವರು ಬರುವ ಹೊತ್ತಿಗೆ ಕತ್ತಲಾಗುತ್ತಿತ್ತು. ಹುಬ್ಬಿನ ಗಂಟು ವಾಪಸು ಬಂದಿತ್ತು. ನನಗೆ ಕಂಡಿತ್ತು, 'ಸುರಂಗ' ಎಂದು ಮಾತ್ರ ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಅಂಥದ್ದೊಂದು ಬೆಳಗ್ಗೆ ಇವರು ಚೀಲವನ್ನು ತೋರಿಸದೆಯೇ ಬಾಗಿಲ ಹತ್ತಿರ ಇಟ್ಟು, ಅವಸರದಲ್ಲಿ ಶೂ ಕಟ್ಟಲು ಕೂತರು. ನಾನು ಚೀಲ ಎತ್ತಿದೆ. ಅದು ಎದ್ದು ಬರಲೇ ಇಲ್ಲ. ಕಬ್ಬಿಣದ ತೂಕ. ಒಳಗೆ ಏನೋ ಜರುಗಿ ಖಣ್ ಎಂದಿತು.

"ತೆಗೀರಿ."

"ಟ್ರೈನ್ ಹೋಗತ್ತೆ ಕಣೇ."

"ಹೋಗ್ಲಿ. ತೆಗೀರಿ."

ಇವರು ತೆಗೆಯಲಿಲ್ಲ. ನಾನೇ ಕೂತು ಡಬ್ಬಿಗಳನ್ನು ಒಂದೊಂದಾಗಿ ಈಚೆಗಿಟ್ಟೆ. ತಳದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿದರೆ ಒಂದು ಚೈನು, ಎಮ್ಮೆ ಕಟ್ಟಬಹುದಾದಷ್ಟು ದಪ್ಪದ್ದು, ಕೊನೆಯಲ್ಲಿ ಮುಷ್ಟಿಗಾತ್ರದ ಬೀಗ.

"ಸೈಕಲ್ಲಿಂದು," ಅಂದರು ತಲೆ ಬಗ್ಗಿಸಿಕೊಂಡೇ.

ಹಳೆಯದೊಂದು ಸೈಕಲ್ ತೆಗೆದುಕೊಂಡಿದ್ದರು. ಸೈಕಲ್ಲಾದರೆ ಸ್ಟೇಷನ್ನಿನಿಂದ ಕೆನಾಲಿನ ಪಕ್ಕದ ದಾರಿಯಲ್ಲಿ ಬರಬಹುದಂತೆ, ಸುತ್ತು ನಿಜ, ಆದರೆ ಉದ್ದಕ್ಕೂ ಮನೆಗಳು, ದೀಪಗಳು, ಜನ. ಸುರಂಗಕ್ಕೆ ಇಳಿಯುವ ಹಾಗೇ ಇಲ್ಲ. ಕೆಳಗಿನ ಉಗ್ರಾಣದ ಬೀಗದ ಕೈ ನನ್ನ ಗೊಂಚಲಿನಲ್ಲಿದ್ದುದರಿಂದ ರಾತ್ರಿಯೆಲ್ಲ ಅದನ್ನು ಕೆಳಗೆ ಬೇಲಿಗೆ ಇದೇ ಚೈನಿನಲ್ಲಿ ಕಟ್ಟಿಟ್ಟು, ಬೆಳಗ್ಗೆ ಕಸ ಹಾಕಲು ಇಳಿದಾಗ ಬಿಚ್ಚಿ ತಂದಿದ್ದರು.

"ಮೊದಲೇ ಯಾಕ್ರೀ ಹೇಳ್ಲಿಲ್ಲ?"

"ಪಿಸ್ತೂಲು ಬೇಕು ಅಂದಿದ್ದೋನು ಈಗ ಸೈಕಲ್ ಅಂದ್ರೆ ನೀನು ನಗ್ತೀಯ ಅಂತ."

ನಾನು ನಗಲಿಲ್ಲ. ಇವರನ್ನು ನೋಡಿ ನಕ್ಕವರು ಈಗಾಗಲೇ ಇದ್ದರು, ಇನ್ನೊಬ್ಬಳು ಬೇಕಾಗಿರಲಿಲ್ಲ. ಟ್ರೈನು ಹೇಗೂ ಹೋಗಿತ್ತು. ಕುಂಕುಮದ ಬಟ್ಟಲು ತೆಗೆದುಕೊಂಡು ಚಪ್ಪಲಿ ಮೆಟ್ಟಿ ಕೆಳಗಿಳಿದೆ. ಸೈಕಲ್ಲಿನ ಬಣ್ಣವೆಲ್ಲ ಹೋಗಿತ್ತು, ಬೆಲ್ಲು ಮಾತ್ರ ಹೊಸದು. ಹ್ಯಾಂಡಲ್ಲಿಗೆ ಕುಂಕುಮವಿಟ್ಟು, ಆಯುಧಪೂಜೆ ಮುಗಿದುಹೋಗಿದ್ದಕ್ಕೆ ದೇವರ ಹತ್ತಿರ ಕ್ಷಮೆ ಕೇಳಿದೆ. ಸೊಂಟದ ಗೊಂಚಲಿನಿಂದ ಉಗ್ರಾಣದ ಬೀಗದ ಕೈ ಬಿಚ್ಚಿ ಇವರ ಕೈಗೆ ಕೊಟ್ಟೆ. ಈ ಸಲ ಯಾರೂ ಕೇಳಿರಲಿಲ್ಲ.

ಮಾರನೆಯ ಬೆಳಗ್ಗೆ ಇವರು ಚೀಲದ ಬಾಯಿ ತೆರೆದು ಹಿಡಿದರು. ಡಬ್ಬಿ, ಚಮಚ, ಕಿತ್ತಳೆ, ತಳದಲ್ಲಿ ಚೈನು. ಇನ್ನು ನನ್ನ ಮಣಿಕಟ್ಟಿನ ತೂಕದ ಲೆಕ್ಕ ನಡೆಯುವುದಿಲ್ಲ, ಚೈನಿನ ಭಾರದಲ್ಲಿ ಏನು ಬೇಕಾದರೂ ಅಡಗಬಹುದು. ಹಾಗಾಗಿ ಚೈನಿನ ಕೆಳಗೆ ಕೈಹಾಕಿ ಮೂಲೆಮೂಲೆಯನ್ನೂ ಸವರಿ ನೋಡಿದೆ. ಇವರು ತಡಮಾಡದೆ, ಮುಖ ಗಂಟಿಕ್ಕದೆ, ನನ್ನ ಕೈ ಈಚೆಗೆ ಬರುವ ತನಕ ಚೀಲ ಹಿಡಿದೇ ನಿಂತಿದ್ದರು.

"ಆಯ್ತಾ?"

"ಹೂಂ, ಹೋಗ್ಬನ್ನಿ," ಅಂದೆ.